ನಿಮಗಿದು ಗೊತ್ತೆ? ಈಸೂರಿನ ಒಂದು ಗುರುತು ಬೆಂಗಳೂರಿನಲ್ಲಿದೆ

ತಾಳಗುಪ್ಪದಲ್ಲಿ ರಾತ್ರಿ ಮೈಸೂರು ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಬೆಂಗಳೂರು. ನಿಲ್ದಾಣದಿಂದ ಸ್ವಲ್ಪ ದೂರದಲ್ಲೇ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್. ಅದು ಹಿಂದಿನ ಸೆಂಟ್ರಲ್ ಜೈಲು. ಬಂದವರಿಗೆಲ್ಲ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ ಇಲ್ಲಿದ್ದರೆಂಬುದು ಗೊತ್ತು. ನಮ್ಮ ಶಿವಮೊಗ್ಗ ಜಿಲ್ಲೆಯವರ ಎದೆ ಭಾರವಾಗಬೇಕಾದ ಕಾರಣವೇ ಬೇರೆ.

1942ರ ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರೇಶ್ವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿತು. ಸ್ವತಂತ್ರ ಊರಿನ ಆಡಳಿತಕ್ಕೆ ಹುಡುಗರಲ್ಲಿ ಒಬ್ಬ ಅಮಲ್ದಾರನಾದ, ಅಂದರೆ ತಾಲ್ಲೂಕಿನ ಅಧಿಕಾರಿ; ಇನ್ನೊಬ್ಬ ಸಬ್ ಇನ್‌ಸ್ಪೆಕ್ಟರ್. ಸೆಪ್ಟೆಂಬರ್ 28ರಂದು ಪೊಲೀಸರೊಂದಿಗೆ ಬಂದ ನಿಜವಾದ ಅಮಲ್ದಾರ ಚನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಘರ್ಷಣೆಯಲ್ಲಿ ಹತರಾದರು. ಅವರೂ ಕನ್ನಡದ ಮನೆಗಳ ಮಕ್ಕಳೇ. ಆ ನೋವನ್ನು ಮರೆಯುವುದು ನ್ಯಾಯವಲ್ಲ.

ಕೊಲೆ ಮೊಕದ್ದಮೆ ನಡೆಯಿತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಇದೇ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

2000ದ ಸುಮಾರಿಗೆ ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದರು. 2008ರಲ್ಲಿ ಜೈಲು ಉದ್ಯಾನವಾಯಿತು. ನಡುವಿನ ಕಾವಲು ಗೋಪುರ ಈಗಲೂ ನಿಂತಿದೆ, ಹಳೆಯ ಬ್ಯಾರಕ್ಕಿನ ಗೋಡೆಗಳೂ ಇವೆ. ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಆ ಐದು ಹೆಸರು ಹೇಳಿ. ಈಸೂರಿನ ಹುತಾತ್ಮರ ಸ್ಮಾರಕವನ್ನು ನೋಡಲು ಇನ್ನೊಂದು ದಿನ ಇಟ್ಟುಕೊಳ್ಳಿ.