ಮೋಟಾರಿನ ತೈಲಶೋಧಕ

ಗೃಹಸ್ಥನಾದವನು ತನ್ನ ಮನೆಯ ಬಾವಿಯ ಆಳವನ್ನೂ ಕಣಜದಲ್ಲಿರುವ ಧಾನ್ಯದ ಅಳತೆಯನ್ನೂ ತಾನೇ ತಿಳಿದಿರಬೇಕೆಂಬುದು ನಮ್ಮ ಹಿರಿಯರ ಅಭಿಪ್ರಾಯವಾಗಿದ್ದಿತು. ಈಗ ಬಾವಿಯ ಸ್ಥಾನದಲ್ಲಿ ನಲ್ಲಿಯೂ, ಎತ್ತಿನ ಗಾಡಿಯ ಸ್ಥಾನದಲ್ಲಿ ಎಸ್.ಯು.ವಿ. ಎಂದು ಕರೆಯಲ್ಪಡುವ ಎತ್ತರವಾದ ಮೋಟಾರು ಗಾಡಿಯೂ ಬಂದು ನಿಂತಿವೆ. ಆದರೆ ಲಕ್ಷಗಟ್ಟಲೆ ರೂಪಾಯಿ ವೆಚ್ಚಮಾಡಿ ತಂದ ಆ ಗಾಡಿಯ ಹೊಟ್ಟೆಯೊಳಗೆ ಏನಿದೆಯೆಂಬುದನ್ನು ಅದರ ಯಜಮಾನರಲ್ಲಿ ಬಹುಮಂದಿ ಒಮ್ಮೆಯೂ ನೋಡಿರುವುದಿಲ್ಲ. ಅದರ ಆಯುಸ್ಸನ್ನು ಕಾಪಾಡುವ, ಅಲ್ಪ ಬೆಲೆಯ ಒಂದು ಅಂಗದ ವಿಚಾರವನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ. ಅದೇ ಆಯಿಲ್ ಫಿಲ್ಟರು, ಎಂದರೆ ತೈಲಶೋಧಕ.

ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಶಬ್ದಕ್ಕೆ ಗೆಳೆತನವೆಂದೂ ಎಣ್ಣೆಯ ಜಿಡ್ಡೆಂದೂ ಎರಡರ್ಥಗಳುಂಟು. ಎಂಜಿನಿನಲ್ಲಿ ಈ ಎರಡೂ ಒಂದಾಗುತ್ತವೆ. ಲೋಹಕ್ಕೂ ಲೋಹಕ್ಕೂ ನಡುವೆ ಎಣ್ಣೆಯ ತೆಳುಪೊರೆ ಇರುವವರೆಗೆ ಅವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದರೂ ಮಿತ್ರರಂತಿರುತ್ತವೆ. ಆ ಪೊರೆ ಹರಿದೊಡನೆ ಒಂದನ್ನೊಂದು ತಿನ್ನತೊಡಗುತ್ತವೆ. ಎಣ್ಣೆಯಾದರೋ ದಿನದಿನಕ್ಕೆ ಮಸಿಯನ್ನೂ ಲೋಹದ ಸೂಕ್ಷ್ಮ ಪುಡಿಯನ್ನೂ ಸೇರಿಸಿಕೊಂಡು ಕಲುಷಿತವಾಗುತ್ತದೆ. ಅದನ್ನು ಸೋಸುವುದೇ ಶೋಧಕದ ಕೆಲಸ. ಅದರೊಳಗೆ ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದದಂತಹ ಪದರವುಂಟು. ಪಂಪು ತಳ್ಳುವ ಎಣ್ಣೆಯು ಅದರ ಮೂಲಕ ಹಾದು, ಕಸವನ್ನು ಅಲ್ಲಿಯೇ ಬಿಟ್ಟು ಮುಂದಕ್ಕೆ ಹೋಗುತ್ತದೆ.

ಮೊದಮೊದಲ ಮೋಟಾರುಗಳಲ್ಲಿ ಈ ಏರ್ಪಾಡು ಇರಲಿಲ್ಲ. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬುವರು 1923ರ ಸುಮಾರಿನಲ್ಲಿ ಇಂತಹ ಶೋಧಕವನ್ನು ಬಳಕೆಗೆ ತಂದು ‘ಪ್ಯೂರೊಲೇಟರ್’ ಎಂದು ಹೆಸರಿಟ್ಟರು. ‘ಪ್ಯೂರ್ ಆಯಿಲ್ ಲೇಟರ್’ ಎಂಬ ಮೂರು ಪದಗಳನ್ನು ಸಮಾಸಮಾಡಿ ಕಟ್ಟಿದ ಹೆಸರಿದು. 1924ರ ಕ್ರೈಸ್ಲರ್ ಕಾರಿನಲ್ಲಿ ಅದನ್ನು ಅಳವಡಿಸಲಾಯಿತು. ಆಗಿನ ಶೋಧಕಗಳು ಎಣ್ಣೆಯ ಒಂದು ಭಾಗವನ್ನು ಮಾತ್ರ ಸೋಸುತ್ತಿದ್ದವು. ಇಂದಿನ ಕಾರುಗಳಲ್ಲಿ ಎಂಜಿನಿನ ಅಂಗಗಳಿಗೆ ಹೋಗುವ ಎಣ್ಣೆಯೆಲ್ಲವೂ ಶೋಧಕವನ್ನು ಹಾದೇ ಹೋಗುವುದು ವಾಡಿಕೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಶೋಧಕವು ಕಸದಿಂದ ಕಟ್ಟಿಕೊಂಡರೆ ಎಂಜಿನಿಗೆ ಎಣ್ಣೆಯೇ ಇಲ್ಲದಂತಾಗಬಾರದೆಂದು ಒಂದು ಸಣ್ಣ ಕವಾಟವನ್ನು ಇಟ್ಟಿರುತ್ತಾರೆ. ಆಗ ಅದು ತೆರೆದುಕೊಂಡು, ಸೋಸದ ಎಣ್ಣೆಯನ್ನೇ ಒಳಕ್ಕೆ ಬಿಡುತ್ತದೆ. ಗಾಡಿ ನಿಲ್ಲುವುದಿಲ್ಲ, ಸದ್ದೂ ಮಾಡುವುದಿಲ್ಲ; ಯಜಮಾನನು ಎಲ್ಲವೂ ಕ್ಷೇಮವೆಂದು ಭಾವಿಸಿರುತ್ತಾನೆ; ಒಳಗೆ ಮಾತ್ರ ಸವೆತವು ನಡೆದೇ ಇರುತ್ತದೆ. ಆದುದರಿಂದ ತೊಂದರೆ ಕಾಣಿಸಿಕೊಳ್ಳಲೆಂದು ಕಾಯದೆ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಅವಧಿಗೆ ಎಣ್ಣೆಯನ್ನೂ ಶೋಧಕವನ್ನೂ ಒಟ್ಟಿಗೆ ಬದಲಾಯಿಸತಕ್ಕದ್ದು. ಅನೇಕ ಗಾಡಿಗಳಿಗೆ ಇದು 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

ಇನ್ನು ಅದನ್ನು ಕಂಡುಹಿಡಿಯುವ ಬಗೆ. ಶೋಧಕಗಳಲ್ಲಿ ಎರಡು ಜಾತಿ. ಒಂದು, ತಿರುಗಿಸಿ ಕೂಡಿಸುವ ಲೋಹದ ಡಬ್ಬಿ. ಇದನ್ನು ಇಡಿಯಾಗಿ ತೆಗೆದುಹಾಕುವರು. ಇನ್ನೊಂದು, ಮುಚ್ಚಳವುಳ್ಳ ಗೂಡಿನೊಳಗೆ ಇಡುವ ಕಾಗದದ ಸುರುಳಿ. ಇದರಲ್ಲಿ ಗೂಡು ಉಳಿಯುವುದು, ಸುರುಳಿ ಮಾತ್ರ ಹೊಸದಾಗುವುದು. ಅಮೆರಿಕದಲ್ಲಿರುವ ನಮ್ಮವರಲ್ಲಿ ಕೆಲವರು ಮನೆಯ ಗ್ಯಾರೇಜಿನಲ್ಲಿ ತಾವೇ ಈ ಕೆಲಸವನ್ನು ಮಾಡಿಕೊಳ್ಳುವುದುಂಟು. ಅಲ್ಲಿಯ ಎರಡು ಗಾಡಿಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಟರ್ಬೋ ಇಲ್ಲದ ಸುಬಾರು ಫಾರೆಸ್ಟರ್ ಗಾಡಿಯಲ್ಲಿ 2011ರ ಮಾದರಿಯಿಂದೀಚೆಗೆ ಡಬ್ಬಿಯು ಎಂಜಿನಿನ ಮೇಲ್ಗಡೆಯೇ ಇದ್ದು, ಬಾನೆಟ್ಟು ಎತ್ತಿದೊಡನೆ ಕಾಣುತ್ತದೆ. 2009ರ ಟೊಯೋಟಾ ರಾವ್4 ಗಾಡಿಯ 2.5 ಲೀಟರಿನ ಎಂಜಿನಿನಲ್ಲಾದರೋ ಶೋಧಕದ ಗೂಡು ಕೆಳಗಡೆ ಇರುವುದರಿಂದ ಗಾಡಿಯ ಅಡಿಗೆ ಹೋಗದೆ ಕಾಣದು. ಹೀಗೆ ಸ್ಥಳವು ಗಾಡಿಗೊಂದು ಬಗೆಯಾಗಿರುವುದರಿಂದ ಮೊದಲು ಕೈಪಿಡಿಯನ್ನು ನೋಡಬೇಕು. ಹೊಸ ಶೋಧಕವನ್ನು ಕೈಯಲ್ಲಿ ಹಿಡಿದು ಅದರ ಆಕಾರಕ್ಕೆ ಹೊಂದುವುದನ್ನು ಹುಡುಕುವುದೂ ಸುಲಭೋಪಾಯ. ಡೀಸೆಲ್ ಸೋಸುವ ಶೋಧಕವನ್ನು ಇದೆಂದು ಭ್ರಮಿಸಬಾರದು. ಗೇರುಪೆಟ್ಟಿಗೆಯ ಬೋಲ್ಟನ್ನು ಎಂಜಿನಿನದೆಂದು ತಿಳಿದು ಬಿಚ್ಚಿ, ಬೇರೆ ಎಣ್ಣೆಯನ್ನೇ ಹರಿಯಬಿಟ್ಟವರೂ ಉಂಟು.

ಬದಲಾಯಿಸುವ ಕ್ರಮ ಹೀಗಿದೆ. ಎಂಜಿನನ್ನು ಸ್ವಲ್ಪ ಹೊತ್ತು ನಡೆಸಿ ನಿಲ್ಲಿಸಬೇಕು. ಬೆಚ್ಚಗಿನ ಎಣ್ಣೆ ಚೆನ್ನಾಗಿ ಇಳಿಯುತ್ತದೆ, ಸುಡುವ ಎಣ್ಣೆ ಕೈಯನ್ನು ಬೇಯಿಸುತ್ತದೆ. ಗಾಡಿಯು ಸಮನೆಲದಲ್ಲಿರಬೇಕು, ಕೈಬ್ರೇಕು ಹಾಕಿರಬೇಕು, ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟಿರಬೇಕು. ಗಾಡಿಯನ್ನು ಎತ್ತಬೇಕಾದಲ್ಲಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿಯೇ ಕೆಳಗೆ ಹೋಗತಕ್ಕದ್ದು. ಬರಿಯ ಜ್ಯಾಕನ್ನು ನಂಬಿ ಅದರಡಿಗೆ ನುಸುಳುವುದು ಪ್ರಾಣಾಪಾಯಕರ. ಇದರಲ್ಲಿ ರಿಯಾಯಿತಿಯೇ ಇಲ್ಲ. ಬಳಿಕ ಅಗಲವಾದ ಬೋಗುಣಿಯನ್ನಿಟ್ಟು, ತಳದ ಬೋಲ್ಟನ್ನು ಬಿಚ್ಚಿ, ಎಣ್ಣೆಯನ್ನು ಪೂರ್ತಿ ಇಳಿಸಿ, ಹೊಸ ವಾಷರಿನೊಡನೆ ಬೋಲ್ಟನ್ನು ಮತ್ತೆ ಕೂಡಿಸಬೇಕು. ತರುವಾಯ ಹಳೆಯ ಶೋಧಕವನ್ನು ಎಡಕ್ಕೆ ತಿರುಗಿಸಿ ತೆಗೆಯಬೇಕು.

ಈಗ ಮುಖ್ಯವಾದ ಮಾತು. ಡಬ್ಬಿಯ ಬಾಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟಿನಂತಹ ರಬ್ಬರಿನ ಉಂಗುರವೊಂದುಂಟು. ಹಳೆಯ ಡಬ್ಬಿ ಕೈಗೆ ಬಂದರೂ ಅದರ ಉಂಗುರವು ಎಂಜಿನಿಗೇ ಅಂಟಿಕೊಂಡು ಉಳಿಯುವುದುಂಟು. ಅದರ ಮೇಲೆಯೇ ಹೊಸದನ್ನು ಕೂಡಿಸಿದರೆ ಎರಡು ಉಂಗುರಗಳೂ ಸರಿದು ಎಣ್ಣೆ ಸೋರುತ್ತದೆ. ನಮ್ಮ ಬೀದಿಯ ಗೃಹಸ್ಥರೊಬ್ಬರು ಗಾಡಿಯನ್ನು ರಿಪೇರಿ ಮಾಡುವವನಲ್ಲಿ ಸರ್ವೀಸು ಮಾಡಿಸಿಕೊಂಡು, ಮರುದಿನವೇ ಸಂಸಾರಸಮೇತರಾಗಿ ಮದುವೆಗೆ ಹೊರಟರು. ಊರು ದಾಟುವಷ್ಟರಲ್ಲಿ ಎಣ್ಣೆಗಿಂಡಿಯ ಚಿತ್ರವುಳ್ಳ ಕೆಂಪು ದೀಪ ಹತ್ತಿಕೊಂಡಿತು. ಮುಂದಿನ ಊರಿನವರೆಗೆ ಹೋಗಿ ನೋಡೋಣವೆಂದು ಅವರು ಅನ್ನುತ್ತಿರಲು, ಕೈಪಿಡಿಯನ್ನು ಓದಿದ್ದ ಮಗಳು, “ಬೇಡ ಅಪ್ಪಾ, ಈಗಲೇ ನಿಲ್ಲಿಸಿಬಿಡಿ” ಎಂದಳು. ಇಳಿದು ನೋಡಿದರೆ ರಸ್ತೆಯುದ್ದಕ್ಕೂ ಎಣ್ಣೆಯ ಗೆರೆ. ಒಂದರ ಮೇಲೊಂದು ಎರಡು ಉಂಗುರಗಳು! ಒಡನೆಯೇ ನಿಲ್ಲಿಸಿದುದರಿಂದ ಎಂಜಿನು ಉಳಿಯಿತು.

ಆದುದರಿಂದ ಹಳೆಯ ಉಂಗುರ ಬಂದಿದೆಯೇ ಎಂಬುದನ್ನು ಕಣ್ಣಾರೆ ನೋಡಿ, ಎಂಜಿನಿನ ಮುಖವನ್ನು ಬಟ್ಟೆಯಿಂದ ಒರಸಬೇಕು. ಹೊಸ ಉಂಗುರಕ್ಕೆ ಬೆರಳಿನಿಂದ ತುಸು ಹೊಸ ಎಣ್ಣೆಯನ್ನು ಸವರಿ, ಡಬ್ಬಿಯನ್ನು ಕೈಯಿಂದಲೇ ತಿರುಗಿಸಬೇಕು. ಉಂಗುರವು ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು. ಸರಿಯಾದ ಅಳತೆಯು ಅನೇಕವೇಳೆ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಬಲವಿದೆಯೆಂದು ಸ್ಪ್ಯಾನರಿನಿಂದ ಬಿಗಿದರೆ ಉಂಗುರ ಕೆಡುವುದಲ್ಲದೆ ಮುಂದಿನ ಸಲ ಡಬ್ಬಿಯೂ ಬಾರದು. ಗೂಡಿನ ಜಾತಿಯದಾದರೆ ಮುಚ್ಚಳದ ಉಂಗುರವನ್ನೂ ಹೊಸದಾಗಿ ಹಾಕಿ, ಕೈಪಿಡಿಯ ಅಳತೆಗೆ ಬಿಗಿಯಬೇಕು.

ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನು ಹೇಳಿದಷ್ಟೇ ತುಂಬಿ, ಎಂಜಿನನ್ನು ನಡೆಸಿ, ಕೆಂಪು ದೀಪ ಆರಿತೇ, ಕೆಳಗೆ ಹನಿಯುತ್ತದೆಯೇ ಎಂದು ನೋಡಬೇಕು. ನಿಲ್ಲಿಸಿ ಕೆಲವು ನಿಮಿಷ ಕಳೆದ ಮೇಲೆ ಅಳತೆಯ ಕಡ್ಡಿಯನ್ನು ಪರೀಕ್ಷಿಸಬೇಕು. ಡೀಸೆಲ್ ಗಾಡಿಯಲ್ಲಿ ಹೊಸ ಎಣ್ಣೆಯು ಬೇಗನೆ ಕಪ್ಪಾದರೆ ಗಾಬರಿಪಡಬೇಕಾದುದಿಲ್ಲ; ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಧರ್ಮ.

ಹಳೆಯ ಎಣ್ಣೆಯನ್ನು ಚರಂಡಿಗಾಗಲಿ ಹಿತ್ತಲಿಗಾಗಲಿ ಸುರಿಯಕೂಡದು. ಅದು ನೆಲವನ್ನೂ ನೀರನ್ನೂ ಕೆಡಿಸುತ್ತದೆ. ಭಾರತ ಸರ್ಕಾರವು 2016ರಲ್ಲಿ ಮಾಡಿದ ಅಪಾಯಕರ ತ್ಯಾಜ್ಯಗಳ ನಿಯಮಗಳಲ್ಲಿ ಇದೂ ಸೇರಿದೆ. ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ಶೋಧಕದೊಡನೆ, ಅದನ್ನು ಸಂಗ್ರಹಿಸುವ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸತಕ್ಕದ್ದು.

ಎಲ್ಲರೂ ತಾವೇ ಈ ಕೆಲಸವನ್ನು ಮಾಡಬೇಕೆಂದು ನಾನು ಹೇಳುವುದಿಲ್ಲ. ವಾರಂಟಿಯ ಅವಧಿಯಲ್ಲಿ ಕಂಪನಿಯು ಒಪ್ಪಿದ ಕಡೆಯಲ್ಲಿ ಮಾಡಿಸುವುದೇ ಲೇಸು. ಆದರೆ ಮಾಡಿಸುವಾಗ ಹತ್ತಿರ ನಿಂತು, “ಹಳೆಯ ಶೋಧಕವನ್ನು ತೋರಿಸಪ್ಪ, ಅದರ ಉಂಗುರ ಬಂದಿದೆಯೇ?” ಎಂದು ಕೇಳಲು ಯಾರ ಅಪ್ಪಣೆಯೂ ಬೇಡ. ಅನಂತರ ಮನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖನ್ನೂ ಗಾಡಿ ಓಡಿದ ಕಿಲೋಮೀಟರನ್ನೂ ಬರೆದಿಟ್ಟರೆ, ಮುಂದಿನ ಬದಲಾವಣೆಯ ಕಾಲವನ್ನು ಮನೆಯ ಮಕ್ಕಳೇ ನೆನಪುಮಾಡುವರು.