ಸೈಕಲ್ಲಿಗೆ ಬೀಗ ಹಾಕಿದರಷ್ಟೇ ಸಾಲದು

ಜೂನ್ ತಿಂಗಳು ಬಂತೆಂದರೆ ಸೈಕಲ್ ಅಂಗಡಿಗಳ ಮುಂದೆ ಅಪ್ಪ-ಮಕ್ಕಳ ಜೋಡಿಗಳು ಕಾಣಿಸಿಕೊಳ್ಳುತ್ತವೆ. ಬಣ್ಣ ಯಾವುದು, ಗೇರ್ ಬೇಕೋ ಬೇಡವೋ, ಮುಂದೆ ಬುಟ್ಟಿ ಇರಲೋ ಎಂದು ಅರ್ಧ ದಿನ ಚರ್ಚೆ ನಡೆಯುತ್ತದೆ. ಎಲ್ಲ ಮುಗಿದು ಬಿಲ್ ಬರೆಯುವ ಹೊತ್ತಿಗೆ ಅಂಗಡಿಯವನು 'ಬೀಗ ಯಾವುದು ಹಾಕಲಿ ಸಾರ್?' ಎಂದು ಕೇಳಿದರೆ, 'ಯಾವುದೋ ಒಂದು ಹಾಕಪ್ಪ' ಎಂಬ ಉತ್ತರ ಬರುತ್ತದೆ. ಏಳೆಂಟು ಸಾವಿರ ಕೊಟ್ಟು ಕೊಂಡ ಸೈಕಲ್ಲಿನ ಹಣೆಬರಹ ಆ ಕೊನೆಯ ಅರೆ ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ!

ಸ್ಕೂಟರ್ ಕಳುವಾದರೆ ನೋಂದಣಿ ಸಂಖ್ಯೆ ಇದೆ, ಆರ್‌ಟಿಒ ಕಚೇರಿಯಲ್ಲಿ ದಾಖಲೆ ಇದೆ. ಸೈಕಲ್ಲಿಗೆ ಅದಾವುದೂ ಇಲ್ಲ. ಹಿಂದೆ ಪುರಸಭೆ, ನಗರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದ ಕಾಲವೊಂದಿತ್ತು. ತೆರಿಗೆ ಕಿರಿಕಿರಿಯೇ ಆಗಿದ್ದರೂ 'ಈ ಸೈಕಲ್ ಇಂಥವರದು' ಎನ್ನಲು ಅದೊಂದು ಗುರುತಾಗಿತ್ತು. ಬಿಲ್ಲೆ ಹೋಯಿತು, ಗುರುತೂ ಹೋಯಿತು. ಇಂದು ಕಳುವಾದ ಸೈಕಲ್ಲಿಗೆ ಬೇರೆ ಬಣ್ಣ ಬಳಿದು, ಸೀಟು ಬದಲಿಸಿದರೆ ಯಜಮಾನನೇ ಗುರುತಿಸಲಾರ.

ಹೋದರೆ ಹೋಗಲಿ, ಇನ್ನೊಂದು ಕೊಂಡರಾಯಿತು ಎನ್ನುವವರಿಗೆ ಈ ಮಾತು ದೊಡ್ಡದಲ್ಲ. ಆದರೆ ಸೈಕಲ್ಲನ್ನೇ ನಂಬಿ ಶಾಲೆಗೆ ಹೋಗುವ ಮಕ್ಕಳ ಮಾತು ಬೇರೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ಕೊಡುವ ಯೋಜನೆ ತಂದಾಗ ಅದರ ಹಿಂದಿದ್ದ ಲೆಕ್ಕಾಚಾರವೂ ಇದೇ: ದೂರದ ಕಾರಣಕ್ಕೆ ಓದು ನಿಲ್ಲಬಾರದು. ಸೈಕಲ್ ಹೋದ ಮರುದಿನ ಸಂಜೆಯ ಟ್ಯೂಷನ್ ನಿಲ್ಲುತ್ತದೆ. ಕತ್ತಲಾದ ಮೇಲೆ ಬಸ್ಸಿಗೆ ಕಾಯಬೇಕಾದ ಹುಡುಗಿಗೆ ಮನೆಯಲ್ಲಿ 'ಇನ್ನು ಸಾಕು' ಎನ್ನುತ್ತಾರೆ.

ಕಳ್ಳನ ಲೆಕ್ಕ

ಸೈಕಲ್ ಕಳ್ಳ ನೋಡುವುದು ಮೂರೇ ಸಂಗತಿ: ಎಷ್ಟು ಹೊತ್ತು ಬೇಕು, ಎಷ್ಟು ಸದ್ದಾಗುತ್ತದೆ, ಯಾರು ನೋಡುತ್ತಾರೆ. ಮುರಿಯಲಾಗದ ಬೀಗ ಎಂಬುದು ಜಗತ್ತಿನಲ್ಲಿಲ್ಲ. ಪಕ್ಕದ ಸೈಕಲ್ಲಿಗಿಂತ ನಿಮ್ಮದು ಕಷ್ಟದ ತುತ್ತಾಗಬೇಕು, ಅಷ್ಟೇ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಿಂಚಕ್ರಕ್ಕೆ ಕೂಡಿಸಿದ ಬಳೆಯಾಕಾರದ ಬೀಗ. ಚಕ್ರದ ಕಡ್ಡಿಗಳ ನಡುವೆ ಸರಳೊಂದು ತೂರಿ ಕೂರುತ್ತದೆ. ಅದು ಚಕ್ರ ತಿರುಗದಂತೆ ಮಾಡುತ್ತದೆಯೇ ಹೊರತು ಸೈಕಲ್ಲನ್ನು ಎತ್ತಿಕೊಂಡು ಹೋಗದಂತೆ ತಡೆಯುವುದಿಲ್ಲ. ಹದಿನೈದು-ಇಪ್ಪತ್ತು ಕಿಲೋ ತೂಕದ ಸೈಕಲ್ಲನ್ನು ಗೂಡ್ಸ್ ಆಟೋಗೆ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು? ಅಂಗಡಿಗೆ ಹೋಗಿ ಬರುವ ಎರಡು ನಿಮಿಷಕ್ಕೆ ಈ ಬೀಗ ಸಾಕು. ಕಾಲೇಜಿನ ಇಡೀ ದಿನಕ್ಕೆ ಸಾಲದು.

ಇನ್ನೊಂದು, ಪ್ಲಾಸ್ಟಿಕ್ ಹೊದಿಕೆಯ ತಂತಿ ಬೀಗ. ನೋಡಲು ದಪ್ಪ, ಒಳಗೆ ತೆಳ್ಳಗಿನ ಎಳೆಗಳ ಕಟ್ಟು. ತಂತಿ ಕತ್ತರಿಸುವ ಸಾಧಾರಣ ಕಟರ್ ಇದ್ದರೆ ಅದು ತುಂಡಾಗುತ್ತದೆ. ಅಗ್ಗದ ನಂಬರ್ ಬೀಗಗಳನ್ನಂತೂ ತಿರುಗಿಸುತ್ತಾ ಕೈಗೆ ಸಿಗುವ ಬಿಗಿಯಿಂದಲೇ ಅಂಕಿಗಳನ್ನು ಹಿಡಿಯುವವರಿದ್ದಾರೆ.

ಹೆಚ್ಚು ಭದ್ರವಾದದ್ದು ಇಂಗ್ಲಿಷಿನ 'ಯು' ಅಕ್ಷರದ ಆಕಾರದ, ಗಟ್ಟಿ ಉಕ್ಕಿನ ಬೀಗ. ಇಲ್ಲದಿದ್ದರೆ ಹದ ಮಾಡಿದ ಉಕ್ಕಿನ ದಪ್ಪ ಸರಪಳಿ. ಆದರೆ ದುಬಾರಿ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬಾರದು. ಅಮೆರಿಕದ ಹೆಸರಾಂತ ಕ್ರಿಪ್ಟೊನೈಟ್ ಕಂಪನಿಯ ಯು ಬೀಗಗಳಲ್ಲಿ ಕೆಲವನ್ನು ಬಾಲ್‌ಪಾಯಿಂಟ್ ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದಲೇ ತೆರೆಯಬಹುದೆಂದು 2004ರಲ್ಲಿ ಬಯಲಾಯಿತು. ಕಂಪನಿ ಆ ಬೀಗಗಳನ್ನು ಬದಲಿಸಿಕೊಡಬೇಕಾಯಿತು. ದುಂಡನೆಯ ಕೊಳವೆಯಂಥ ಕೀ ಇದ್ದ ಬೀಗಗಳವು. ಆದ್ದರಿಂದ ಕೊಳ್ಳುವಾಗ ಸರಳಿನ ದಪ್ಪದಷ್ಟೇ ಕೀಯನ್ನೂ ನೋಡಿ. ಚಪ್ಪಟೆಯಾದ, ಹೆಚ್ಚು ಕಚ್ಚುಗಳಿರುವ ಕೀ ವಾಸಿ.

ಒಂದು ಬೀಗಕ್ಕಿಂತ ಎರಡು ಮೇಲು. ಅದರಲ್ಲೂ ಎರಡು ಬೇರೆ ಬೇರೆ ಜಾತಿಯವಾಗಿರಬೇಕು. ತಂತಿ ಕತ್ತರಿಸುವ ಉಪಕರಣದಿಂದ ಉಕ್ಕಿನ ಸರಳು ತುಂಡಾಗುವುದಿಲ್ಲ. ಎರಡು ಬಗೆಯ ಆಯುಧ ಹೊತ್ತು ತಿರುಗುವ ತಾಳ್ಮೆ ಎಲ್ಲ ಕಳ್ಳರಿಗೂ ಇರುವುದಿಲ್ಲ.

ಕಟ್ಟುವ ಕ್ರಮ

ಹಸುವನ್ನು ಗೂಟಕ್ಕೆ ಕಟ್ಟದೆ ಬರೀ ಕಾಲಿಗೆ ಹಗ್ಗ ಸುತ್ತಿ ಬಿಟ್ಟರೆ ಹೇಗೆ? ಸೈಕಲ್ಲಿಗೂ ಗೂಟ ಬೇಕು.

* ಫ್ರೇಮು, ಹಿಂಚಕ್ರ ಎರಡೂ ಸೇರುವಂತೆ ನೆಲಕ್ಕೆ ಭದ್ರವಾಗಿ ನೆಟ್ಟ ಕಂಬಕ್ಕೋ ಕಬ್ಬಿಣದ ಕಟಕಟೆಗೋ ಬೀಗ ಹಾಕಿ. ಮುಂಚಕ್ರಕ್ಕಷ್ಟೇ ಹಾಕಿದರೆ ಸಂಜೆ ಬಂದಾಗ ಮುಂಚಕ್ರವೊಂದೇ ಉಳಿದಿರುತ್ತದೆ.

* ಕಂಬ ಗಿಡ್ಡವಾಗಿದ್ದರೆ ಸೈಕಲ್ಲನ್ನು ಬೀಗದ ಸಮೇತ ಮೇಲಕ್ಕೆತ್ತಿ ತೆಗೆಯಬಹುದು. ಎಳೆಯ ಗಿಡ, ಮರದ ಬೇಲಿ, ಅಲ್ಲಾಡುವ ಗೇಟು ಬೇಡ. ಮೊದಲು ಕಂಬವನ್ನೇ ಅಲ್ಲಾಡಿಸಿ ನೋಡಿ.

* ಬೀಗದ ಒಳಗೆ ಖಾಲಿ ಜಾಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಸಡಿಲವಿದ್ದರೆ ಹಾರೆ ತೂರಿಸಿ ಮೀಟಬಹುದು. ನೆಲಕ್ಕೆ ತಾಗುವಂತಿದ್ದರೆ ನೆಲದ ಮೇಲಿಟ್ಟು ಸುತ್ತಿಗೆಯಿಂದ ಬಡಿಯಬಹುದು. ಕೀ ತೂತು ಕೆಳಮುಖವಾಗಿರಲಿ. ಮಳೆ ನೀರೂ ಇಳಿಯುವುದಿಲ್ಲ.

* ಈಗಿನ ಕೆಲವು ಸೈಕಲ್ಲುಗಳಲ್ಲಿ ಚಕ್ರ, ಸೀಟು ಸ್ಪ್ಯಾನರ್ ಇಲ್ಲದೆ ಬರೀ ಕೈಯಿಂದ ಬಿಚ್ಚುವಂತಿರುತ್ತವೆ. ಅಂಥ ಕಡೆ ಹಿಡಿ ತೆಗೆಸಿ ಸಾಮಾನ್ಯ ನಟ್ಟು-ಬೋಲ್ಟು ಹಾಕಿಸಿಕೊಳ್ಳುವುದು ಕ್ಷೇಮ.

ಎಲ್ಲಿ ನಿಲ್ಲಿಸಬೇಕು?

ಜನ ಓಡಾಡುವ, ಬೆಳಕಿರುವ, ಜವಾನನೋ ಅಂಗಡಿಯವನೋ ಕಣ್ಣು ಹಾಯಿಸುವ ಜಾಗ ಒಳ್ಳೆಯದು. ಪ್ರತಿದಿನ ಒಂದೇ ಹೊತ್ತಿಗೆ ಒಂದೇ ಮೂಲೆಯಲ್ಲಿ ನಿಲ್ಲಿಸಿದರೆ ಕಳ್ಳನಿಗೂ ವೇಳಾಪಟ್ಟಿ ಗೊತ್ತಾಗುತ್ತದೆ. ನಮ್ಮ ಮೆಟ್ರೊ 2011ರಲ್ಲಿ ಬಂದ ಮೇಲೆ ಬೆಂಗಳೂರಿನಲ್ಲಿ ನಿಲ್ದಾಣದವರೆಗೆ ಸೈಕಲ್ಲಿನಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿಯುವವರಿದ್ದಾರೆ. ಇವರ ಸೈಕಲ್ಲು ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ನಿಂತಿರುವುದರಿಂದ ಎರಡು ಬೀಗ ಅವಶ್ಯ.

ಹಣ ಕೊಡುವ ಸ್ಟ್ಯಾಂಡ್ ಇದ್ದರೆ ಹತ್ತು ರೂಪಾಯಿಗೆ ಹಿಂದೆಮುಂದೆ ನೋಡಬೇಡಿ. ಚೀಟಿ ತಪ್ಪದೆ ಕೇಳಿ ಪಡೆಯಿರಿ. ಇನ್ನೊಬ್ಬರ ವಸ್ತುವನ್ನು ಕಾಯಲು ಪಡೆದವನು ತನ್ನ ವಸ್ತುವಿನಂತೆ ಅದನ್ನು ಜೋಪಾನ ಮಾಡಬೇಕೆಂಬುದು 1872ರ ಒಪ್ಪಂದ ಕಾಯ್ದೆಯ ತತ್ತ್ವ. ಚೀಟಿ ಇದ್ದರೆ ಕೇಳುವ ಬಾಯಿಗೆ ಬಲ.

ಮನೆಯ ಕಾಂಪೌಂಡಿನೊಳಗೆ ಇದೆಯಲ್ಲ ಎಂಬ ಧೈರ್ಯವೂ ಒಳ್ಳೆಯದಲ್ಲ. ಅಪಾರ್ಟ್‌ಮೆಂಟಿನ ಕೆಳಗೆ ತಿಂಗಳುಗಟ್ಟಲೆ ದೂಳು ತಿನ್ನುವ ಸೈಕಲ್ಲು ಹೋದದ್ದೇ ಯಾರಿಗೂ ತಿಳಿಯುವುದಿಲ್ಲ. ಕಿಟಕಿಯ ಸರಳಿಗೋ ಕಂಬಕ್ಕೋ ಕಟ್ಟಿ ಬೀಗ ಹಾಕುವ ರೂಢಿ ಮನೆಯಲ್ಲೂ ಇರಲಿ.

ಬಿಲ್ಲೆಗೆ ಬದಲು

ಸೈಕಲ್ಲಿನ ಫ್ರೇಮಿನ ಮೇಲೆ ಒಂದು ಸಂಖ್ಯೆ ಅಚ್ಚೊತ್ತಿರುತ್ತದೆ. ಸೀಟಿನ ಕೆಳಗಿನ ಕೊಳವೆಯಲ್ಲಿ, ಹ್ಯಾಂಡಲ್ ಕೆಳಗೆ ಅಥವಾ ಸೈಕಲ್ಲನ್ನು ತಲೆಕೆಳಗು ಮಾಡಿದರೆ ಪೆಡಲ್ ಕೂಡುವ ಜಾಗದಲ್ಲಿ ಅದು ಸಿಗುತ್ತದೆ. ಇವತ್ತು ಸಂಜೆಯೇ ಮಕ್ಕಳನ್ನು ಕೂರಿಸಿಕೊಂಡು ಹುಡುಕಿ. ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿ, ಸೈಕಲ್ಲಿನ ಎರಡು ಕಡೆಯ ಫೋಟೊ, ಸಂಖ್ಯೆಯ ಫೋಟೊ ತೆಗೆದಿಡಿ. ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೊಳವೆಯೊಳಗೆ ಇಳಿಬಿಟ್ಟರೆ ಕಳ್ಳನಿಗೆ ತಿಳಿಯದ ಗುರುತೊಂದು ಉಳಿಯುತ್ತದೆ. ಈಚೆಗೆ ಬ್ಲೂಟೂತ್ ಟ್ಯಾಗುಗಳನ್ನು ಸೀಟಿನಡಿ ಅಡಗಿಸಿಡುವವರೂ ಇದ್ದಾರೆ. ಹತ್ತಿರದಲ್ಲಿ ಹೊಂದುವಂಥ ಫೋನುಗಳಿದ್ದರೆ ಮಾತ್ರ ಅವು ಜಾಗ ತೋರಿಸುತ್ತವೆ. ತೋರಿಸಿದ ಜಾಗಕ್ಕೆ ಹುಡುಗರು ತಾವೇ ನುಗ್ಗಬಾರದು, ಪೊಲೀಸರಿಗೆ ತಿಳಿಸಬೇಕು.

ಕಳುವಾದರೆ

ಮೊದಲು ಸುತ್ತಮುತ್ತ ವಿಚಾರಿಸಿ, ಅಂಗಡಿಗಳ ಕ್ಯಾಮೆರಾ ಇದ್ದರೆ ಚಿತ್ರ ಅಳಿಸಿಹೋಗುವ ಮುನ್ನ ತೆಗೆದಿಡಲು ವಿನಂತಿಸಿ. ಬಳಿಕ ಬಿಲ್, ಫ್ರೇಮ್ ಸಂಖ್ಯೆ, ಫೋಟೊಗಳೊಂದಿಗೆ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ.

ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಕಳವಿಗೆ ಅದರ 303ನೇ ಸೆಕ್ಷನ್ ಅನ್ವಯಿಸುತ್ತದೆ. ಮೂರು ವರ್ಷದವರೆಗೆ ಸಜೆ ವಿಧಿಸಬಹುದು. ಆದರೆ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೊಳಗಾದವನು ಅದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇಂಥ ಸಣ್ಣ ಮೊತ್ತದ ಕಳವನ್ನು ಅಸಂಜ್ಞೇಯ ಅಪರಾಧವೆಂದು ವರ್ಗೀಕರಿಸಲಾಗಿದೆ. ಅಂದರೆ ಎಫ್‌ಐಆರ್ ಬದಲು ಎನ್‌ಸಿಆರ್. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯಿಲ್ಲ. ಹಳೆಯ ಸೈಕಲ್ಲಿನ ಬೆಲೆ ಬಹುಮಟ್ಟಿಗೆ ಈ ಗೆರೆಯ ಆಸುಪಾಸಿನಲ್ಲೇ ಇರುತ್ತದೆ. ಯಾರಿಗೆ ಎರಡನೇ ಸೈಕಲ್ ಕೊಳ್ಳುವ ಶಕ್ತಿಯಿಲ್ಲವೋ ಅವರ ಸೈಕಲ್ಲೇ ಕಾನೂನಿನ ಕಣ್ಣಿಗೆ ಚಿಕ್ಕದಾಗಿ ಕಾಣುವುದು ವಿಪರ್ಯಾಸ. ಬೆಲೆ ತೋರಿಸುವ ಬಿಲ್ಲನ್ನು ಜೋಪಾನವಾಗಿಡಬೇಕಾದ ಕಾರಣ ಇದೇ. ಯಾವ ಬಗೆಯ ದೂರಾದರೂ ಅದನ್ನು ದಾಖಲಿಸಿ ಪ್ರತಿ ಪಡೆಯಿರಿ. ಸೈಕಲ್ ಸಿಕ್ಕ ದಿನ ಅದು ನಿಮ್ಮದೆಂದು ತೋರಿಸಲು ಬೇಕಾಗುತ್ತದೆ.

ಕೊಳ್ಳುವವರಿಲ್ಲದಿದ್ದರೆ ಕದಿಯುವವರೂ ಕಡಿಮೆಯಾಗುತ್ತಾರೆ. ಹತ್ತು ಸಾವಿರದ ಸೈಕಲ್ಲನ್ನು ಬಿಲ್ ಇಲ್ಲದೆ ಸಾವಿರಕ್ಕೆ ಕೊಡುತ್ತೇನೆಂದರೆ ಅದು ಯಾರದೋ ಮನೆಯ ಮಗುವಿನದು ಎಂದು ತಿಳಿಯಿರಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು 317ನೇ ಸೆಕ್ಷನ್ ಪ್ರಕಾರ ಅಪರಾಧ.

ಬೈಗುಳದ ಬದಲು

ಇಟಲಿಯ ವಿಟ್ಟೋರಿಯೋ ಡಿ ಸಿಕಾ 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಚಿತ್ರದಲ್ಲಿ ಬಡ ಕುಟುಂಬವೊಂದು ಹಾಸಿಗೆಯ ವಸ್ತ್ರಗಳನ್ನು ಅಡವಿಟ್ಟು ಸೈಕಲ್ ಬಿಡಿಸಿಕೊಳ್ಳುತ್ತದೆ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸಕ್ಕೆ ಅದು ಬೇಕೇ ಬೇಕು. ಕೆಲಸದ ಮೊದಲ ದಿನವೇ ಅದು ಕಳುವಾಗುತ್ತದೆ. ಅಪ್ಪ-ಮಗ ರೋಮ್ ನಗರವನ್ನೆಲ್ಲ ಅಲೆದರೂ ಸಿಗದೆ, ಕೊನೆಗೆ ಅಪ್ಪನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ ಮಗನೆದುರು ಸಿಕ್ಕಿಬೀಳುತ್ತಾನೆ. ಒಂದು ಸೈಕಲ್ಲಿನ ಜೊತೆ ಏನೇನು ಹೋಗಬಹುದು ಎಂಬುದಕ್ಕೆ ಅದಕ್ಕಿಂತ ಉದಾಹರಣೆ ಬೇಕಿಲ್ಲ.

ಸೈಕಲ್ ಕಳೆದುಕೊಂಡು ಮನೆಗೆ ನಡೆದು ಬಂದ ಮಗುವಿಗೆ ಅಳು ಆಗಲೇ ತುಂಬಿರುತ್ತದೆ. ಬೈಗುಳಕ್ಕೆ ಹೆದರಿ 'ಗೆಳೆಯನಿಗೆ ಕೊಟ್ಟಿದ್ದೇನೆ' ಎಂದು ಎರಡು ದಿನ ಮುಚ್ಚಿಟ್ಟರೆ ಹುಡುಕಲು ಇದ್ದ ಸಮಯವೂ ಹೋಗುತ್ತದೆ. 'ಏನೇ ಆದರೂ ಮೊದಲು ನಮಗೆ ಹೇಳು' ಎಂಬ ಮಾತನ್ನು ಸೈಕಲ್ ಕೊಡಿಸಿದ ದಿನವೇ ಬೀಗದ ಜೊತೆ ಕೊಟ್ಟಿರಬೇಕು. ಶಾಲೆ-ಕಾಲೇಜುಗಳೂ ಕಾರಿಗೆ ಮೀಸಲಿಟ್ಟ ಜಾಗದಲ್ಲಿ ಒಂದು ಮೂಲೆಗೆ ನೆಲಕ್ಕೆ ನೆಟ್ಟ ಕಬ್ಬಿಣದ ಕಂಬಿಗಳನ್ನು ಹಾಕಿಸಿ, ಮಕ್ಕಳ ಸೈಕಲ್ಲುಗಳ ಫ್ರೇಮ್ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಇನ್ನೂರು ಪುಟದ ನೋಟ್‌ಬುಕ್ ಒಂದಿದ್ದರೆ ಸಾಕು, ಇಡೀ ಶಾಲೆಯ ಸೈಕಲ್ಲುಗಳಿಗೆ ಮತ್ತೆ ಬಿಲ್ಲೆ ಸಿಕ್ಕಂತಾಗುತ್ತದೆ.