ಕೊಟ್ಟಿಗೆಯ ಗೋಡೆಗೆ ಕೌದಿಯ ಚಿತ್ತಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಓಹಾಯೊ ರಾಜ್ಯದ ದಕ್ಷಿಣದಂಚಿನಲ್ಲಿ, ಓಹಾಯೊ ನದಿಯ ದಡಕ್ಕೆ ಹೊಂದಿಕೊಂಡು ಆಡಮ್ಸ್ ಕೌಂಟಿ ಎಂಬ ಗುಡ್ಡಗಾಡಿನ ಜಿಲ್ಲೆಯಿದೆ. ಅಲ್ಲಿ ದೊಡ್ಡ ನಗರವೊಂದೂ ಇಲ್ಲ. ಪುರಾತನ ನಿವಾಸಿಗಳು ಮಣ್ಣಿನಿಂದ ಎತ್ತರಿಸಿದ, ಸುಮಾರು ೧,೩೪೮ ಅಡಿ ಉದ್ದದ ಸರ್ಪಾಕೃತಿಯ ದಿಬ್ಬವೊಂದೇ ಬಹುಕಾಲ ಆ ಸೀಮೆಯ ಹೆಗ್ಗುರುತಾಗಿತ್ತು. ೨೦೦೧ನೆಯ ಇಸವಿಯ ಅಕ್ಟೋಬರಿನಲ್ಲಿ ಅಲ್ಲಿಯ ಗಿಡಮೂಲಿಕೆಯ ತೋಟವೊಂದರ ಕೊಟ್ಟಿಗೆಯ ಗೋಡೆಯ ಮೇಲೆ ಬಣ್ಣದ ಚೌಕವೊಂದು ಮೂಡಿತು. ಆ ಚೌಕದಿಂದ ಆರಂಭವಾದ ಪದ್ಧತಿಯು ಇಂದು ಅಮೆರಿಕದ ನಲವತ್ತೆಂಟು ರಾಜ್ಯಗಳಿಗೂ, ನೆರೆಯ ಕೆನಡಾ ದೇಶಕ್ಕೂ ಹಬ್ಬಿದೆ. ಇಂತಹ ಚೌಕಗಳ ಸಂಖ್ಯೆ ಏಳು ಸಾವಿರವನ್ನು ಮೀರಿದೆಯೆಂದು ಅವುಗಳ ಚರಿತ್ರೆಯನ್ನು ಬಲ್ಲವರು ಎಣಿಸಿದ್ದಾರೆ.

ಇದರ ಮೂಲವನ್ನು ಅರಸುತ್ತ ಹೋದರೆ ಸಿಗುವುದು ಒಬ್ಬ ಮಗಳು ತನ್ನ ತಾಯಿಗೆ ಕೊಟ್ಟ ಮಾತು.

ಕೌದಿಯೂ ಕೊಟ್ಟಿಗೆಯೂ

ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯ ಬೆಚ್ಚನೆಯ ಸುಖವನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ಅಮೆರಿಕದ ಹಳ್ಳಿಗಳಲ್ಲಿಯೂ ಇಂತಹುದೇ ಒಂದು ಕಲೆ ತಲೆಮಾರುಗಳಿಂದ ನಡೆದುಬಂದಿದೆ; ಅವರು ಅದನ್ನು ‘ಕ್ವಿಲ್ಟ್’ ಎನ್ನುತ್ತಾರೆ. ತುಂಡುಗಳನ್ನು ತ್ರಿಕೋನ, ಚೌಕಗಳಾಗಿ ಕತ್ತರಿಸಿ, ಒಂದು ನಿಶ್ಚಿತ ವಿನ್ಯಾಸಕ್ಕೆ ಜೋಡಿಸಿ ಮೊದಲು ಚಿಕ್ಕ ಚಿಕ್ಕ ಚೌಕಗಳನ್ನು ಸಿದ್ಧಪಡಿಸುವರು. ಆ ಚೌಕಗಳನ್ನೆಲ್ಲ ಸೇರಿಸಿದರೆ ಹೊದಿಕೆಯಾಗುತ್ತದೆ. ಪ್ರತಿಯೊಂದು ವಿನ್ಯಾಸಕ್ಕೂ ಒಂದು ಹೆಸರುಂಟು: ಕರಡಿಯ ಪಂಜ, ಹಾರುವ ಬಾತುಗಳು, ಮರದ ದಿಮ್ಮಿಯ ಮನೆ, ಜೋಡಿ ಮದುವೆಯುಂಗುರ, ಬಸವನಹುಳುವಿನ ಜಾಡು. ಕಾಡು ಕಡಿದು ಹೊಲ ಮಾಡಿಕೊಂಡವರ ದಿನದಿನದ ಬಾಳುವೆಯೇ ಈ ಹೆಸರುಗಳಲ್ಲಿ ಉಳಿದುಕೊಂಡಿದೆ.

ಇನ್ನು ಅವರು ‘ಬಾರ್ನ್’ ಎನ್ನುವ ಕಟ್ಟಡ. ನಮ್ಮ ದನದ ಕೊಟ್ಟಿಗೆ, ಕಣಜ, ಹುಲ್ಲಿನ ಮನೆ ಈ ಮೂರೂ ಒಂದೇ ಎತ್ತರದ ಮಾಡಿನ ಕೆಳಗೆ ಸೇರಿದರೆ ಹೇಗಿರಬಹುದೋ ಹಾಗೆ ಅದು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕಿನ ಬೆಳೆಗಾರರು ಎಲೆ ಹದಮಾಡುವ ಮನೆಯನ್ನು ‘ಬ್ಯಾರನ್’ ಎಂದು ಕರೆಯುವರಷ್ಟೆ. ಅದೂ ಇದೇ ಮಾತು. ಓದುಗರ ಸೌಕರ್ಯಕ್ಕಾಗಿ ಇಲ್ಲಿ ಕೊಟ್ಟಿಗೆಯೆಂದೇ ಹೇಳಿದೆ.

ಕೊಟ್ಟಿಗೆಯ ಗೋಡೆಗೆ ಬಣ್ಣ ಬಳಿಯುವುದು ಅಮೆರಿಕದಲ್ಲಿ ಹೊಸತೇನೂ ಅಲ್ಲ. ಮರವು ಮಳೆಗೆ ಕೊಳೆಯದಂತೆ ಅಗಸೆಯ ಎಣ್ಣೆಯಲ್ಲಿ ಕೆಮ್ಮಣ್ಣಿನ ಪುಡಿಯನ್ನು ಕಲಸಿ ಬಳಿಯುತ್ತಿದ್ದರು; ಅಲ್ಲಿಯ ಕೊಟ್ಟಿಗೆಗಳ ಪ್ರಸಿದ್ಧವಾದ ಕೆಂಪು ಬಂದದ್ದು ಹೀಗೆ. ಪೆನ್ಸಿಲ್ವೇನಿಯ ರಾಜ್ಯದಲ್ಲಿ ಜರ್ಮನ್ ಮೂಲದ ರೈತರು ಕೊಟ್ಟಿಗೆಯ ಮುಖದ ಮೇಲೆ ವೃತ್ತದೊಳಗೆ ನಕ್ಷತ್ರಗಳನ್ನು ಬರೆಯುತ್ತಿದ್ದರು. ಅವು ಮಾಟಮಂತ್ರದಿಂದ ಕಾಯುವ ರಕ್ಷೆಗಳೆಂಬ ಮಾತನ್ನು ವ್ಯಾಲೆಸ್ ನಟಿಂಗ್ ಎಂಬ ಲೇಖಕರು ೧೯೨೪ರ ತಮ್ಮ ಪುಸ್ತಕದಲ್ಲಿ ಪ್ರಚುರಪಡಿಸಿದರು. ಕೇವಲ ಅಂದಕ್ಕಾಗಿ ಬರೆದದ್ದು ಎನ್ನುವವರೂ ಅಷ್ಟೇ ಜನರಿದ್ದಾರೆ.

ವ್ಯಾಪಾರಿಗಳೂ ಈ ಗೋಡೆಗಳನ್ನು ಬಿಡಲಿಲ್ಲ. ‘ಮೇಲ್ ಪೌಚ್’ ಎಂಬ ಅಗಿಯುವ ತಂಬಾಕಿನ ಜಾಹೀರಾತನ್ನು ರಸ್ತೆಬದಿಯ ಕೊಟ್ಟಿಗೆಗಳ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸುತ್ತಿದ್ದರು. ಅದಕ್ಕೆ ಪ್ರತಿಫಲವಾಗಿ ಉಳಿದ ಗೋಡೆಗಳಿಗೂ ರೈತನು ಕೇಳಿದ ಬಣ್ಣವನ್ನು ಬಳಿದುಕೊಡುವ ರೂಢಿಯಿತ್ತು. ಹಾರ್ಲಿ ವಾರಿಕ್ ಎಂಬ ಬರಹಗಾರನು ೧೯೪೬ರಲ್ಲಿ ಸೈನ್ಯದಿಂದ ಮರಳಿ ಈ ಕೆಲಸಕ್ಕೆ ಸೇರಿ, ತನ್ನ ವೃತ್ತಿಜೀವನದಲ್ಲಿ ಸುಮಾರು ಇಪ್ಪತ್ತು ಸಾವಿರ ಕೊಟ್ಟಿಗೆಗಳಿಗೆ ಬಣ್ಣ ಬಳಿದನೆಂದು ಪ್ರತೀತಿ. ಹೆದ್ದಾರಿಗಳ ಸೌಂದರ್ಯವನ್ನು ಕಾಪಾಡಲು ೧೯೬೫ರಲ್ಲಿ ಜಾಹೀರಾತು ಫಲಕಗಳ ಮೇಲೆ ಕಾನೂನು ಬಂದಿತು. ಆದರೂ ಈ ಕೊಟ್ಟಿಗೆಗಳ ಮೇಲೆ ಜನರಿಗಿದ್ದ ಮಮತೆಯನ್ನು ಮನ್ನಿಸಿ, ೧೯೭೪ರಲ್ಲಿ ಅವುಗಳಿಗೆ ವಿನಾಯಿತಿ ಕೊಡಬೇಕಾಯಿತು.

ತಾಯಿಗೆ ಕೊಟ್ಟ ಮಾತು

ಡಾನಾ ಸ್ಯೂ ಗ್ರೋವ್ಸ್ ಅವರ ಬಾಲ್ಯ ಪಶ್ಚಿಮ ವರ್ಜೀನಿಯದಲ್ಲಿ ಕಳೆಯಿತು. ತಾಯಿ ಮ್ಯಾಕ್ಸಿನ್ ಗ್ರೋವ್ಸ್ ಕೌದಿಯ ಹೊಲಿಗೆಯಲ್ಲಿ ನುರಿತವರು. ಮೋಟಾರಿನಲ್ಲಿ ದೂರ ಪ್ರಯಾಣ ಮಾಡುವಾಗ ಮಕ್ಕಳು ಜಗಳವಾಡದಿರಲೆಂದು ಆಕೆ ಒಂದು ಆಟವನ್ನು ಹೂಡಿದ್ದರು. ದಾರಿಯಲ್ಲಿ ಕಾಣುವ ಕೊಟ್ಟಿಗೆಗಳನ್ನು ಎಣಿಸಬೇಕು. ಜಾಹೀರಾತಿದ್ದ ಕೊಟ್ಟಿಗೆಗೆ ಹೆಚ್ಚು ಅಂಕ. ಪೆನ್ಸಿಲ್ವೇನಿಯದ ನಕ್ಷತ್ರವಿದ್ದುದಕ್ಕೆ ಅದಕ್ಕಿಂತಲೂ ಹೆಚ್ಚು. ಹೀಗೆ ಕೊಟ್ಟಿಗೆಗಳನ್ನು ಕಣ್ಣಿಟ್ಟು ನೋಡುವ ಅಭ್ಯಾಸವು ಮಗಳಿಗೆ ಎಳವೆಯಲ್ಲಿಯೇ ಅಂಟಿಕೊಂಡಿತು.

ತಾಯಿಯೂ ಮಗಳೂ ೧೯೮೯ರಲ್ಲಿ ಆಡಮ್ಸ್ ಕೌಂಟಿಯಲ್ಲಿ ಒಂದು ಚಿಕ್ಕ ಜಮೀನನ್ನು ಕೊಂಡರು. ಅದರಲ್ಲಿ ತಂಬಾಕು ಹದಮಾಡುವ ಹಳೆಯ ಕೊಟ್ಟಿಗೆಯೊಂದಿತ್ತು. ನೋಡಲು ಸೊಗಸಿಲ್ಲದ ಆ ಕಟ್ಟಡವನ್ನು ಕಂಡು, ‘ಅಮ್ಮ, ಇದರ ಮೇಲೆ ನಿನಗಾಗಿ ಒಂದು ಕೌದಿಯ ಚೌಕವನ್ನು ಬರೆಸುತ್ತೇನೆ’ ಎಂದು ಮಗಳು ಮಾತು ಕೊಟ್ಟಳು. ಕೊಟ್ಟ ಮಾತು ವರ್ಷದಿಂದ ವರ್ಷಕ್ಕೆ ಮುಂದೆ ಬಿದ್ದು, ಹತ್ತು ವರ್ಷಗಳೇ ಕಳೆದುಹೋದವು.

ಅಷ್ಟರಲ್ಲಿ ಡಾನಾ ಸ್ಯೂ ಅವರು ಓಹಾಯೊ ರಾಜ್ಯದ ಕಲಾಮಂಡಲಿಯಲ್ಲಿ ಕೆಲಸ ಮಾಡುತ್ತಿದ್ದರು. ಹಳ್ಳಿಗಳ ಕಲೆಗೂ ಹಳ್ಳಿಗರ ಜೀವನೋಪಾಯಕ್ಕೂ ಹೇಗೆ ನಂಟು ಬೆಸೆಯುವುದೆಂಬುದೇ ಅವರ ವೃತ್ತಿಯ ಚಿಂತೆ. ತಾಯಿಯ ಕೊಟ್ಟಿಗೆಗೆ ಬಣ್ಣ ಹಾಕಲು ಗೆಳೆಯರು ಮುಂದಾದಾಗ ಅವರಿಗೆ ಬೇರೊಂದು ಆಲೋಚನೆ ಹೊಳೆಯಿತು. ಒಂದೇ ಮನೆಗೆ ಚೌಕವೇಕೆ? ಕೌಂಟಿಯ ಉದ್ದಗಲಕ್ಕೂ ಇಪ್ಪತ್ತು ಕೊಟ್ಟಿಗೆಗಳ ಮೇಲೆ ಇಪ್ಪತ್ತು ಚೌಕಗಳನ್ನು ಬರೆದರೆ, ಹಗ್ಗದ ಮೇಲೆ ಕೌದಿಗಳನ್ನು ಸಾಲಾಗಿ ಒಣಹಾಕಿದಂತೆ ಕಂಡೀತು; ನೋಡಲು ಬಂದ ಪ್ರವಾಸಿಗರು ಸಣ್ಣ ಅಂಗಡಿ, ಊಟದ ಮನೆ, ತೋಟಗಳಿಗೂ ಕಾಸು ಕೊಟ್ಟು ಹೋದಾರು. ಊರವರ ಸಮಿತಿ ಕೂಡಿತು. ಮೊದಲ ಚೌಕವು ಗಿಡಮೂಲಿಕೆಯ ತೋಟದವರ ಪಾಲಿಗೆ ಬಂದಿತು. ಮ್ಯಾಕ್ಸಿನ್ ಗ್ರೋವ್ಸ್ ಅವರ ಸ್ವಂತ ಕೊಟ್ಟಿಗೆಗೆ ‘ಬಸವನಹುಳುವಿನ ಜಾಡು’ ಎಂಬ ವಿನ್ಯಾಸ ಏರಿದ್ದು ತರುವಾಯದಲ್ಲಿ.

ತಾಯಿಗೆ ಮೀಸಲಾಗಿದ್ದ ಕಾಣಿಕೆಯನ್ನು ಮೊದಲು ಊರಿಗೆ ಹಂಚಿದುದರಿಂದಲೇ ಈ ಪದ್ಧತಿ ಬೆಳೆಯಿತೆನ್ನಬೇಕು. ನೆರೆಯ ಕೌಂಟಿಗಳು ಇದನ್ನು ಕೈಗೆತ್ತಿಕೊಂಡವು. ಟೆನೆಸೀ, ಕೆಂಟಕಿ, ಅಯೋವ ರಾಜ್ಯಗಳಿಗೆ ದಾಟಿತು. ಅಯೋವದ ಸ್ಯಾಕ್ ಕೌಂಟಿಯಲ್ಲಿ ೨೦೦೫ರಿಂದ ರೈತರ ಮಕ್ಕಳ ಸಂಘಗಳೂ ಸ್ವಯಂಸೇವಕರೂ ಕೂಡಿ ಐವತ್ತಕ್ಕೂ ಹೆಚ್ಚು ಚೌಕಗಳನ್ನು ಬರೆದರು. ಸೂಜಿ ಪ್ಯಾರನ್ ಎಂಬ ಲೇಖಕಿ ಡಾನಾ ಸ್ಯೂ ಅವರ ಸಹಯೋಗದಲ್ಲಿ ಈ ಚರಿತ್ರೆಯನ್ನು ೨೦೧೨ರಲ್ಲಿ ಪುಸ್ತಕರೂಪವಾಗಿ ಹೊರತಂದರು.

ಚೌಕವನ್ನು ಬರೆಯುವ ಬಗೆ

ಮೊದಮೊದಲು ಗೋಡೆಯ ಮೇಲೆಯೇ ಬರೆಯುವುದೂ ಇತ್ತು. ಸಂದುಗೊಂದುಗಳಿರುವ ಹಳೆಯ ಹಲಗೆಗಳ ಮೇಲೆ, ಎತ್ತರದ ಏಣಿಯಲ್ಲಿ ನಿಂತು ನೇರ ಗೆರೆ ಎಳೆಯುವುದು ಸುಲಭವಲ್ಲ. ಆದಕಾರಣ ಕ್ರಮೇಣ ಪ್ಲೈವುಡ್ಡಿನ ಮೇಲೆ ಬರೆದು ತೂಗುಹಾಕುವ ಕ್ರಮ ರೂಢಿಗೆ ಬಂದಿತು. ನಾಲ್ಕಡಿ ಅಗಲ, ಎಂಟಡಿ ಉದ್ದದ ಎರಡು ಹಲಗೆಗಳನ್ನು ಜೋಡಿಸಿದರೆ ಎಂಟಡಿಯ ಚೌಕವಾಗುತ್ತದೆ. ನೀರು ಹೀರದಂತೆ ಎರಡು ಬದಿಗೂ ಅಂಚುಗಳಿಗೂ ಪ್ರೈಮರ್ ಬಳಿದು ಒಣಗಿಸುವರು.

‘ಓಹಾಯೊ ಸ್ಟಾರ್’ ಎಂಬ ಮೊದಲ ಚೌಕದ ವಿನ್ಯಾಸವನ್ನೇ ತೆಗೆದುಕೊಳ್ಳಿರಿ. ಎಂಟಡಿಯೆಂದರೆ ೯೬ ಅಂಗುಲ. ಉದ್ದಕ್ಕೂ ಅಡ್ಡಕ್ಕೂ ಮೂರು ಪಾಲು ಮಾಡಿದರೆ ೩೨ ಅಂಗುಲದ ಒಂಬತ್ತು ಮನೆಗಳಾಗುತ್ತವೆ. ನಾಲ್ಕು ಮೂಲೆಯ ಮನೆಗಳನ್ನೂ ನಡುವಣ ಮನೆಯನ್ನೂ ಹಾಗೆಯೇ ಬಿಟ್ಟು, ಉಳಿದ ನಾಲ್ಕರಲ್ಲಿ ಕರ್ಣರೇಖೆಗಳನ್ನೆಳೆದರೆ ಹದಿನಾರು ತ್ರಿಕೋನಗಳು ದೊರೆಯುತ್ತವೆ. ಅವಕ್ಕೆ ಸರದಿಯಂತೆ ಎರಡು ಬಣ್ಣ ತುಂಬಿದೊಡನೆ ಎಂಟು ಮೊನೆಯ ನಕ್ಷತ್ರವು ಎದ್ದು ನಿಲ್ಲುತ್ತದೆ. ಚುಕ್ಕಿಯಿಟ್ಟು ರಂಗವಲ್ಲಿ ಬಿಡಿಸಬಲ್ಲ ಕೈಗೆ ಈ ಲೆಕ್ಕ ಕಷ್ಟವಾಗದು. ಗೆರೆಯ ಅಂಚಿಗೆ ಅಂಟುಪಟ್ಟಿಯನ್ನು ಒತ್ತಿ, ಬಿಸಿಲುಮಳೆಗೆ ತಾಳುವ ಅಕ್ರಿಲಿಕ್ ಬಣ್ಣವನ್ನು ಎರಡು ಮೂರು ಸಲ ಬಳಿಯುವರು. ಹೂಬಳ್ಳಿಗಳ ಸೂಕ್ಷ್ಮ ವಿನ್ಯಾಸವು ರಸ್ತೆಯಿಂದ ಕಾಣದು. ಸರಳವಾದ ಆಕಾರ, ಎದ್ದು ತೋರುವ ಬಣ್ಣ ಇವೇ ದೂರಕ್ಕೆ ಒಪ್ಪುತ್ತವೆ.

ಹಲಗೆಯ ಮೇಲೆ ಬರೆಯುವುದರಿಂದ ಇನ್ನೊಂದು ಅನುಕೂಲವಾಯಿತು. ಶಾಲೆಯ ಮಕ್ಕಳೂ ವೃದ್ಧರೂ ನೆಲದ ಮೇಲೆಯೇ ಕೆಲಸ ಮಾಡಬಹುದು; ಹಿಮ ಬೀಳುವ ಚಳಿಗಾಲದಲ್ಲಿಯೂ ಒಳಗೆ ಕುಳಿತು ಬರೆಯಬಹುದು. ಎತ್ತರಕ್ಕೆ ಏರಿಸಲು ಎಷ್ಟೋ ಕಡೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘದವರು ಕಂಬದ ಕೆಲಸದ ಲಾರಿಯನ್ನು ಕಳುಹಿಸಿಕೊಡುತ್ತಾರೆ.

ಪ್ರವಾಹದ ಗೋಡೆಯ ಚಿತ್ರಗಳು

ಆಡಮ್ಸ್ ಕೌಂಟಿಯ ಪೂರ್ವದ ನೆರೆಯಲ್ಲಿ, ಅದೇ ನದಿಯ ದಡದಲ್ಲಿ ಪೋರ್ಟ್ಸ್‌ಮತ್ ಪಟ್ಟಣವಿದೆ. ೧೯೩೭ರ ಮಹಾಪ್ರವಾಹದ ಬಳಿಕ ಅಲ್ಲಿ ನದಿಗೆ ಅಡ್ಡಲಾಗಿ ಎತ್ತರದ ಕಾಂಕ್ರೀಟ್ ಗೋಡೆ ಎದ್ದಿತು. ನೀರಿನ ಭಯ ತಗ್ಗಿತಾದರೂ ಊರಿಗೆ ನದಿಯೇ ಕಾಣದಾಯಿತು. ಮುಂದೆ ಪಾದರಕ್ಷೆ, ಉಕ್ಕಿನ ಕಾರ್ಖಾನೆಗಳೂ ಮುಚ್ಚಿಹೋಗಿ ಪಟ್ಟಣ ಕಳೆಗುಂದಿತು. ಆಗ ಊರವರು ರಾಬರ್ಟ್ ಡ್ಯಾಫರ್ಡ್ ಎಂಬ ಚಿತ್ರಕಾರರನ್ನು ಕರೆಸಿದರು. ಅವರು ೧೯೯೩ರಿಂದ ಹತ್ತು ವರ್ಷ ದುಡಿದು, ಇಪ್ಪತ್ತು ಅಡಿ ಎತ್ತರದ ಆ ಗೋಡೆಯ ಮೇಲೆ ಸುಮಾರು ಎರಡು ಸಾವಿರ ಅಡಿಯುದ್ದಕ್ಕೆ ಊರಿನ ಚರಿತ್ರೆಯನ್ನು ಬರೆದರು. ಪ್ರಾಚೀನರ ಮಣ್ಣುದಿಬ್ಬಗಳಿಂದ ಹಿಡಿದು ಮುಚ್ಚಿಹೋದ ಕಾರ್ಖಾನೆಗಳವರೆಗೆ ಎಲ್ಲವೂ ಅಲ್ಲಿವೆ.

ಆ ಗೋಡೆಗೂ ಕೊಟ್ಟಿಗೆಯ ಚೌಕಕ್ಕೂ ಒಂದು ವ್ಯತ್ಯಾಸವುಂಟು. ಗೋಡೆಯದು ನುರಿತ ಕಲೆಗಾರನ ಕೈಯಲ್ಲಿ ಮೂಡಿದ ಪಟ್ಟಣದ ಕಥೆ. ಚೌಕವು ಒಂದು ಮನೆತನದ ಗುರುತು. ಅದನ್ನು ಯಾರು ಬೇಕಾದರೂ ಬರೆಯಬಹುದು. ಅಜ್ಜಿ ಹೊಲಿದ ಕೌದಿಯ ವಿನ್ಯಾಸವನ್ನು ಒಬ್ಬರು ಆರಿಸಿದರೆ, ತಮ್ಮ ಬೆಳೆಯನ್ನೋ ಕಸುಬನ್ನೋ ನೆನಪಿಸುವುದನ್ನು ಇನ್ನೊಬ್ಬರು ಆರಿಸುತ್ತಾರೆ.

ಇಂತಹ ಮಮತೆಯ ನಡುವೆ ಕಲ್ಪಿತ ಚರಿತ್ರೆಯೂ ನುಸುಳುವುದುಂಟು. ಪಕ್ಕದ ಬ್ರೌನ್ ಕೌಂಟಿಯ ರಿಪ್ಲಿ ಎಂಬ ಊರಿನಲ್ಲಿ ಜಾನ್ ರ‍್ಯಾಂಕಿನ್ ಎಂಬ ಪಾದ್ರಿಯ ಮನೆಯು ದಕ್ಷಿಣದಿಂದ ನದಿ ದಾಟಿ ಬಂದ ಗುಲಾಮರಿಗೆ ಆಶ್ರಯವಾಗಿತ್ತು. ಇದು ನಿಜವಾದ ಚರಿತ್ರೆ. ಆದರೆ ಓಡಿಹೋಗುವ ಗುಲಾಮರಿಗೆ ಕೌದಿಯ ವಿನ್ಯಾಸಗಳ ಮೂಲಕ ಗುಪ್ತ ಸಂಕೇತ ಕೊಡುತ್ತಿದ್ದರೆಂದು ೧೯೯೯ರ ಪುಸ್ತಕವೊಂದು ಹೇಳಿತು. ಜನರಿಗೆ ಈ ಕಥೆ ಬಹಳ ಹಿಡಿಸಿತು. ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಆಧಾರವಿಲ್ಲವೆಂದು ಚರಿತ್ರಕಾರರು ತೋರಿಸಿಕೊಟ್ಟಿದ್ದಾರೆ.

ಕೆಲಸ ಕಳೆದುಕೊಂಡ ಕೊಟ್ಟಿಗೆ

ಈ ಚೌಕಗಳು ಹುಟ್ಟಿದ ಹೊತ್ತು ಆ ಸೀಮೆಗೆ ಕಷ್ಟದ ಹೊತ್ತಾಗಿತ್ತು. ಆಡಮ್ಸ್ ಕೌಂಟಿಯಲ್ಲೂ ನದಿಯಾಚೆಯ ಕೆಂಟಕಿಯಲ್ಲೂ ‘ಬರ್ಲೀ’ ಎಂಬ ಜಾತಿಯ ತಂಬಾಕು ರೈತನಿಗೆ ಕೈಯಲ್ಲಿ ಹಣ ಕಾಣಿಸುತ್ತಿದ್ದ ಬೆಳೆ. ಗಿಡವನ್ನು ಬುಡಸಮೇತ ಕಡಿದು, ಕೋಲುಗಳಿಗೆ ಚುಚ್ಚಿ, ಕೊಟ್ಟಿಗೆಯೊಳಗೆ ಅಟ್ಟದ ಮೇಲೆ ಅಟ್ಟವಾಗಿ ತೂಗುಹಾಕುವರು. ಬೆಂಕಿಯ ಶಾಖವಿಲ್ಲದೆ, ಗೋಡೆಯ ಕಿಂಡಿಬಾಗಿಲುಗಳನ್ನು ತೆರೆದು ಮುಚ್ಚಿ ಗಾಳಿಯಿಂದಲೇ ವಾರಗಟ್ಟಲೆ ಹದಮಾಡುವರು. ಯಾರು ಎಷ್ಟು ಬೆಳೆಯಬಹುದೆಂಬ ಸರಕಾರದ ಪಾಲು ನಿಗದಿಯು ೧೯೩೦ರ ದಶಕದಿಂದ ಸಣ್ಣ ರೈತನನ್ನು ಕಾಯ್ದುಕೊಂಡು ಬಂದಿತ್ತು. ೨೦೦೪ರ ಕಾನೂನು ಪರಿಹಾರಧನ ಕೊಟ್ಟು ಆ ಏರ್ಪಾಡನ್ನು ರದ್ದುಪಡಿಸಿತು. ಸಾವಿರಾರು ಸಣ್ಣ ಹಿಡುವಳಿದಾರರು ತಂಬಾಕನ್ನು ಕೈಬಿಟ್ಟರು, ಕೊಟ್ಟಿಗೆಗಳು ಬರಿದಾದವು.

ಉಳಿದ ಬಗೆಯ ಕೊಟ್ಟಿಗೆಗಳ ಗತಿಯೂ ಭಿನ್ನವಲ್ಲ. ಇಂದಿನ ದೊಡ್ಡ ಯಂತ್ರಗಳು ಹಳೆಯ ಬಾಗಿಲಿನಲ್ಲಿ ತೂರವು. ದುಂಡಗೆ ಸುತ್ತಿದ ಹುಲ್ಲಿನ ಭಾರೀ ಉರುಳೆಗಳಿಗೆ ಅಟ್ಟ ಬೇಡ. ಉಪಯೋಗವಿಲ್ಲದ ಕಟ್ಟಡಕ್ಕೆ ಯಾರೂ ಹಣ ಸುರಿಯರು. ಮಾಡು ಸೋರತೊಡಗಿ, ತೊಲೆಗಳ ಸಂದಿಗೆ ನೀರಿಳಿದು, ಕೆಲವು ವರ್ಷಗಳಲ್ಲಿ ಅದು ಮಣ್ಣು ಸೇರುತ್ತದೆ.

ಬಣ್ಣದ ಹಲಗೆಯೊಂದು ಸೋರುವ ಮಾಡನ್ನು ನಿಲ್ಲಿಸಲಾರದು. ಹೋದ ಬೆಳೆಯ ಆದಾಯವನ್ನು ತಂದುಕೊಡಲಾರದು. ಅಷ್ಟನ್ನು ಅದರಿಂದ ಬಯಸುವುದೂ ತಪ್ಪು. ಆದರೆ ಚೌಕವನ್ನೇರಿಸುವ ಮುನ್ನ ಗೋಡೆ ಗಟ್ಟಿಯಾಗಿದೆಯೇ ಎಂದು ನೋಡಲೇಬೇಕು. ಏರಿದ ಮೇಲೆ ದಾರಿಹೋಕರು ವಾಹನ ನಿಲ್ಲಿಸಿ, ‘ಈ ವಿನ್ಯಾಸವನ್ನೇ ಏಕೆ ಆರಿಸಿದಿರಿ?’ ಎಂದು ವಿಚಾರಿಸುತ್ತಾರೆ. ಉತ್ತರ ಹೇಳಲು ಮನೆಯವರು ಅಜ್ಜಿಯನ್ನೂ, ಆಕೆಯ ಸೂಜಿದಾರವನ್ನೂ, ಆ ಕೊಟ್ಟಿಗೆಯನ್ನು ಕಟ್ಟಿಸಿದವರನ್ನೂ ನೆನೆಯಬೇಕಾಗುತ್ತದೆ. ಹತ್ತು ಜನರು ನೋಡಲು ಬರುವ ಕಟ್ಟಡವನ್ನು ಕೆಡವಲು ಯಜಮಾನನಿಗೂ ಮನಸ್ಸು ಹಿಂಜರಿಯುತ್ತದೆ.

ಎಷ್ಟೇ ಒಳ್ಳೆಯ ಬಣ್ಣವಾದರೂ ಬಿಸಿಲಿಗೆ ಮಾಸದೆ ಇರದು. ಆರಂಭದ ಚೌಕಗಳಿಗೆ ಈಗ ಎರಡು ದಶಕಗಳು ಮೀರಿವೆ. ಅವನ್ನು ಕೆಳಗಿಳಿಸಿ, ಗೆರೆ ತಪ್ಪದಂತೆ ಮತ್ತೊಮ್ಮೆ ಬಣ್ಣ ತುಂಬುವ ಹೊಣೆ ಮಕ್ಕಳ, ಮೊಮ್ಮಕ್ಕಳ ಪಾಲಿಗೆ ಬಂದಿದೆ. ಅವರು ಕುಂಚ ಹಿಡಿದ ಮನೆಗಳಲ್ಲಿ ಕೊಟ್ಟಿಗೆಯ ಮಾಡಿಗೂ ಹೊಸ ತಗಡು ಬೀಳುವ ಆಸೆಯುಂಟು.